ರೆಸಿಡೆಂಟ್ ಈವಿಲ್ 2: ಹಳೆ ಸಂಗೀತಕ್ಕೆ ಬೇರೆ ಕಾಸು, ಕೊಡಬಹುದೇ?

ಕ್ಯಾಪ್‌ಕಾಮ್ 2019ರ ಜನವರಿಯಲ್ಲಿ ಬಿಟ್ಟ ಜಾಂಬಿಗಳ ಭಯದ ಗೇಮ್ ರೆಸಿಡೆಂಟ್ ಈವಿಲ್ 2 ರಿಮೇಕ್‌ಗೆ ಪುಟ್ಟದೊಂದು ಡಿಎಲ್‌ಸಿ, ಅಂದರೆ ಬೇರೆಯಾಗಿ ಡೌನ್‌ಲೋಡ್ ಮಾಡಿ ಗೇಮ್‌ಗೆ ಸೇರಿಸುವ ತುಣುಕು, ಇದೆ. ಹೆಸರು ‘ಒರಿಜಿನಲ್ ವರ್ಷನ್ ಸೌಂಡ್‌ಟ್ರ್ಯಾಕ್ ಸ್ವಾಪ್’. 1998ರಲ್ಲಿ ಪ್ಲೇಸ್ಟೇಷನ್ 1ಕ್ಕೆ ಬಂದ ಮೂಲ ಗೇಮ್‌ನ ಹಿನ್ನೆಲೆ ಸಂಗೀತವನ್ನೂ ಕೆಲವು ಸದ್ದುಗಳನ್ನೂ ಹೊಸ ಗೇಮ್‌ನೊಳಗೆ ತಂದು ಕೂರಿಸುವುದಷ್ಟೇ ಅದರ ಕೆಲಸ. ಹೊಸ ವೇಷ ಇಲ್ಲ, ಹೊಸ ಬಂದೂಕು ಇಲ್ಲ. ತಾನೇ ಮಾಡಿಸಿದ ಸಂಗೀತವನ್ನು ಇನ್ನೊಮ್ಮೆ ಮಾರುವುದು ನಾಚಿಕೆಗೆಟ್ಟ ವ್ಯಾಪಾರ ಎಂದು ಬೈದವರು ಬೇಕಾದಷ್ಟು ಮಂದಿ. ಬೈದದ್ದರಲ್ಲಿ ತಪ್ಪೇನಿಲ್ಲ. ಆದರೆ ಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವ ಮೊದಲು ಹೊಸ ಗೇಮ್‌ನಲ್ಲಿ ಹಳೆ ಸಂಗೀತ ಯಾಕೆ ಉಳಿಯಲಿಲ್ಲ ಎಂಬುದು ಗೊತ್ತಿರಬೇಕು. ಡಿಎಲ್‌ಸಿ ಎಲ್ಲಿ ಸೊಗಸು, ಎಲ್ಲಿ ಎಡವಟ್ಟು ಎರಡೂ ಅದರಿಂದಲೇ ತಿಳಿಯುತ್ತದೆ.

ಮೂಲ ಗೇಮ್‌ನ ಸಂಗೀತ ಮಸಾಮಿ ಉಯೆದಾ, ಶೂಸಾಕು ಉಚಿಯಾಮಾ ಮತ್ತು ಸ್ಯುನ್ ನಿಶಿಗಾಕಿ ಅವರದು. ಪ್ಲೇಸ್ಟೇಷನ್ 1ರ ಧ್ವನಿ ಚಿಪ್‌ಗೆ ಇದ್ದದ್ದು 24 ಚಾನೆಲ್, 512 ಕಿಲೋಬೈಟ್ ಮೆಮೊರಿ. ಪಿಯಾನೋ, ತಂತಿವಾದ್ಯ, ಗುಡುಗಿನಂಥ ತಾಳ, ಬಂದೂಕಿನ ಸದ್ದು, ಜಾಂಬಿಯ ನರಳಾಟ ಎಲ್ಲವೂ ಅಷ್ಟರೊಳಗೇ ಹಿಡಿಯಬೇಕಿತ್ತು. ಹಾಗಾಗಿ ಒಂದೊಂದು ಕೋಣೆಗೂ ಒಂದು ಚಿಕ್ಕ ರಾಗ, ಸುತ್ತಿ ಸುತ್ತಿ ಬರುವಂಥದ್ದು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಕಪ್ಪು ಪರದೆಯ ಮೇಲೆ ಬಾಗಿಲು ಕಿರ್ರೆಂದು ತೆರೆಯುವ ದೃಶ್ಯ ನೆನಪಿದೆಯಲ್ಲ? ಡಿಸ್ಕ್‌ನಿಂದ ಮುಂದಿನ ಕೋಣೆಯನ್ನು ಲೋಡ್ ಮಾಡಲು ಬೇಕಿದ್ದ ಸಮಯವನ್ನು ಮುಚ್ಚಿಡುವ ಉಪಾಯ ಅದು. ಸಂಗೀತಕ್ಕೂ ಅದೇ ಉಸಿರು ಬಿಡುವ ಜಾಗ. ಪೊಲೀಸ್ ಠಾಣೆಯ ದೊಡ್ಡ ಹಜಾರದ ರಾಗ ಅಲ್ಲಿ ಮುಗಿಯುತ್ತಿತ್ತು, ಕಾರಿಡಾರಿನದು ಇಲ್ಲಿಂದ ಶುರು.

ರಿಮೇಕ್‌ನಲ್ಲಿ ಆ ಕಪ್ಪು ಪರದೆಯೇ ಇಲ್ಲ. ಬಾಗಿಲು ತಳ್ಳಿದರೆ ನೇರ ಆಚೆ ಕೋಣೆ. ಕ್ಯಾಮೆರಾ ಮೂಲೆಯ ಮಾಡಿನಿಂದ ಇಳಿದು ನಾಯಕ ಲಿಯಾನ್‌ನ ಹೆಗಲ ಹಿಂದೆ ಬಂದು ನಿಂತಿದೆ. ಹಿಂದೆಲ್ಲ ಕಣ್ಣಿಗೆ ಬೀಳದ ಮೂಲೆಯಲ್ಲಿ ಏನೋ ಇದೆ ಎಂಬ ಭಯವನ್ನು ಸಂಗೀತವೇ ಹುಟ್ಟಿಸಬೇಕಿತ್ತು. ಈಗ ಆ ಕೆಲಸ ಹೆಜ್ಜೆ ಸಪ್ಪಳದ್ದು. ಬೆನ್ನು ಬಿಡದ ದೈತ್ಯ ಮಿಸ್ಟರ್ ಎಕ್ಸ್ ಮೇಲಿನ ಮಹಡಿಯಲ್ಲಿದ್ದಾನೋ, ಪಕ್ಕದ ಕೋಣೆಯಲ್ಲಿದ್ದಾನೋ ಎಂದು ಬೂಟಿನ ಸದ್ದಿನಿಂದಲೇ ಅಂದಾಜು ಮಾಡಿ ಆಡುವಂತೆ ಇಡೀ ಗೇಮ್ ಕಟ್ಟಿದ್ದಾರೆ. ಅದರ ಮೇಲೆ ಗಟ್ಟಿಯಾದ ರಾಗವೊಂದು ನಿರಂತರ ನುಡಿಯುತ್ತಿದ್ದರೆ ಆಟವೇ ಕೆಡುತ್ತದೆ. ಅದಕ್ಕೇ ಹೊಸ ಸಂಗೀತ ಬಹುಪಾಲು ಹೊತ್ತು ಬರೀ ಗುಂಯ್‌ಗುಟ್ಟುವಿಕೆ, ಗೋಡೆ ಬಿರುಕು ಬಿಟ್ಟಂಥ ಶಬ್ದ. ಮಿಸ್ಟರ್ ಎಕ್ಸ್ ನಿಮ್ಮನ್ನು ಕಂಡು ಬೆನ್ನಟ್ಟಿದಾಗ ತಾಳ ಏರುತ್ತದೆ, ತಪ್ಪಿಸಿಕೊಂಡರೆ ಇಳಿಯುತ್ತದೆ. ಕೇಳಿ ಗುನುಗುವಂಥ ಸಂಗೀತ ಇದಲ್ಲ, ಆಡುವವನಿಗೆ ಮಾಹಿತಿ ಕೊಡುವ ಸಂಗೀತ.

ಕಳೆದುಹೋದದ್ದು ಏನೆಂದರೆ ಸೇವ್ ರೂಮಿನ, ಅಂದರೆ ಆಟವನ್ನು ಉಳಿಸಿಡುವ ಕೋಣೆಯ, ರಾಗ. ಟೈಪ್‌ರೈಟರ್ ಇರುವ ಕೋಣೆಗೆ ಹೊಕ್ಕ ಕೂಡಲೇ ಕೇಳುತ್ತಿದ್ದ ಆ ಮೆತ್ತಗಿನ, ಸ್ವಲ್ಪ ದುಃಖದ ಸ್ವರಗಳು. ಇನ್ನು ಸ್ವಲ್ಪ ಹೊತ್ತು ಯಾರೂ ಮುಟ್ಟುವುದಿಲ್ಲ ಎಂಬ ಅಭಯ ಅದು. ಹೊಸ ಗೇಮ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ರಾಗ ಇಲ್ಲ. ಡಿಎಲ್‌ಸಿ ಹಾಕಿದರೆ ಬರುತ್ತದೆ, ಮತ್ತು ಹಣ ಸಾರ್ಥಕ ಅನಿಸುವುದು ಮುಖ್ಯವಾಗಿ ಇಲ್ಲಿಯೇ. ಠಾಣೆಯ ಹಜಾರದ ಗಂಭೀರ ರಾಗಕ್ಕೂ ಹೊಸ ಬೆಳಕು, ಹೊಸ ಅಮೃತಶಿಲೆಯ ನೆಲದ ಮೇಲೆ ಒಳ್ಳೆ ತೂಕ ಬಂದಿದೆ.

ಎಡವುವುದು ಕಾರಿಡಾರುಗಳಲ್ಲಿ. ರಾಗಗಳು ಕೋಣೆಗೊಂದರಂತೆ ಬರೆದವು, ಕಟ್ಟಡ ಈಗ ಬಾಗಿಲಿಲ್ಲದಷ್ಟು ಸಲೀಸು. ಹೊಸ್ತಿಲ ಆಚೆ ಈಚೆ ನಾಲ್ಕು ಸಲ ಓಡಾಡಿದರೆ ಸಂಗೀತವೂ ಆಚೆ ಈಚೆ ಹೊರಳುತ್ತದೆ. ಒಗಟು ಬಿಡಿಸಲು ಅಲ್ಲೇ ಸುತ್ತುವಾಗ ಇದು ತಲೆ ಚಿಟ್ಟು ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೂಟಿನ ಸದ್ದು ಮುಚ್ಚಿಹೋಗುವುದು. ಪರಿಹಾರ ಸುಲಭ: ಆಡಿಯೋ ಆಯ್ಕೆಗಳಿಗೆ ಹೋಗಿ ಹಿನ್ನೆಲೆ ಸಂಗೀತವನ್ನು ಮಾತ್ರ ಮೂರನೇ ಒಂದರಷ್ಟು ಇಳಿಸಿ, ಉಳಿದದ್ದನ್ನು ಮುಟ್ಟಬೇಡಿ. ಮೊದಲ ಸಲ ಆಡುವವರು ಹೊಸ ಸಂಗೀತದಲ್ಲೇ ಮುಗಿಸುವುದು ಒಳ್ಳೆಯದು. ಹಳೆಯದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಆಗ ನಕ್ಷೆ ಕೈಗೆ ಹತ್ತಿರುತ್ತದೆ, ಕಿವಿ ಬಿಡುವಾಗಿರುತ್ತದೆ.

ಡೌನ್‌ಲೋಡ್ ಆದ ಮಾತ್ರಕ್ಕೆ ಹಳೆ ಸಂಗೀತ ತಾನಾಗಿ ಶುರುವಾಗುವುದಿಲ್ಲ. ಗೇಮ್‌ನ ಆಪ್ಷನ್ಸ್ ಒಳಗೆ ಹೋಗಿ ಒರಿಜಿನಲ್ ಎಂದು ಆರಿಸಬೇಕು. ‘ಕಾಸು ಕೊಟ್ಟೆ, ಬರಲೇ ಇಲ್ಲ’ ಎಂಬ ದೂರುಗಳಲ್ಲಿ ಕೆಲವು ಇಷ್ಟರಲ್ಲೇ ಬಗೆಹರಿಯುತ್ತವೆ. ಬಗೆಹರಿಯದೆ ಉಳಿಯುವ ದೂರು ಕಾಸರಗೋಡಿನ ಕಡೆಯವರಿಗೆ ವಿಶೇಷವಾಗಿ ಸಂಬಂಧಪಟ್ಟದ್ದು, ಅದಕ್ಕೆ ಕಾರಣ ಗಲ್ಫ್.

ಕುಂಬಳೆ, ಉಪ್ಪಳ, ಮಂಜೇಶ್ವರ ಎಲ್ಲೇ ನೋಡಿ, ಪ್ಲೇಸ್ಟೇಷನ್ ಇರುವ ಮನೆಯಲ್ಲಿ ಡಿಸ್ಕ್‌ಗಳು ಬಂದಿರುವುದು ರಜೆಗೆ ಊರಿಗೆ ಬಂದವರ ಪೆಟ್ಟಿಗೆಯಲ್ಲಿ. ಗಲ್ಫಿನ ಅಂಗಡಿಗಳಲ್ಲಿ ಯುರೋಪಿನ ಡಿಸ್ಕೂ ಸಿಗುತ್ತದೆ, ಅಮೆರಿಕದ್ದೂ ಸಿಗುತ್ತದೆ. ಗೇಮ್ ಮಾತ್ರ ಆಡುವುದಾದರೆ ಯಾವುದಾದರೂ ಆದೀತು, ಪಿಎಸ್4 ಡಿಸ್ಕ್‌ಗೆ ಪ್ರದೇಶದ ಬೀಗ ಇಲ್ಲ. ಬೀಗ ಇರುವುದು ಡಿಎಲ್‌ಸಿಗೆ. ಭಾರತದ ಸ್ಟೋರ್‌ನಲ್ಲಿ ಸಿಗುವ ಡಿಎಲ್‌ಸಿ ಯುರೋಪಿನ ಆವೃತ್ತಿಗೆ ಹೊಂದುವಂಥದ್ದು, ಅಮೆರಿಕದ ಡಿಸ್ಕ್ ಅದನ್ನು ಗುರುತಿಸುವುದೇ ಇಲ್ಲ. ಕಾಸು ಹೋಯಿತು, ಡೌನ್‌ಲೋಡ್ ಆಯಿತು, ಆಪ್ಷನ್ಸ್‌ನಲ್ಲಿ ಏನೂ ಕಾಣದು.

ಹಾಗಾಗಿ ಕೊಳ್ಳುವ ಮುಂಚೆ ಡಿಸ್ಕ್ ಡಬ್ಬಿಯ ಮುಖಪುಟದ ಕೆಳ ಮೂಲೆ ನೋಡಿ. ಪೆಗಿ ಎಂಬ ಗುರುತಿನೊಂದಿಗೆ 18 ಅಂಕೆ ಇದ್ದರೆ ಯುರೋಪಿನದು, ಭಾರತದ ಖಾತೆಯಿಂದ ಕೊಂಡದ್ದು ಹೊಂದುತ್ತದೆ. ಇಎಸ್‌ಆರ್‌ಬಿ ಗುರುತು, ‘ಎಂ’ ಅಕ್ಷರ ಇದ್ದರೆ ಅಮೆರಿಕದ್ದು. ಆಗ ಅಮೆರಿಕದ ಸ್ಟೋರ್ ಖಾತೆಯಿಂದಲೇ ಡಿಎಲ್‌ಸಿ ಕೊಳ್ಳಬೇಕು, ಆ ಖಾತೆಗೆ ಆ ಕನ್ಸೋಲನ್ನು ಪ್ರೈಮರಿ ಎಂದು ಗುರುತಿಸಬೇಕು. ಹಾಗೆ ಮಾಡಿದರೆ ಅದೇ ಕನ್ಸೋಲ್‌ನಲ್ಲಿ ನಿಮ್ಮ ಮಾಮೂಲಿ ಖಾತೆಯಿಂದಲೂ ಹಳೆ ಸಂಗೀತ ಸಿಗುತ್ತದೆ. ಇಷ್ಟೆಲ್ಲ ರಗಳೆ ಬೇಡವೆಂದರೆ ಸೇಲ್ ಬಂದಾಗ ಡೀಲಕ್ಸ್ ಎಡಿಷನನ್ನೇ ಡಿಜಿಟಲ್ ಆಗಿ ಕೊಳ್ಳಿ. ಈ ಸಂಗೀತ ಅದರಲ್ಲೇ ಸೇರಿದೆ, ಜತೆಗೆ ಕೆಲವು ವೇಷಗಳೂ ಒಂದು ಪಿಸ್ತೂಲೂ.

ಹೆಡ್‌ಫೋನ್ ಬಗ್ಗೆಯೂ ಒಂದು ಮಾತು. ಆಟಿ ತಿಂಗಳ ಮಳೆ ತಗಡಿನ ಶೀಟಿನ ಮೇಲೆ ಹೊಡೆಯುವಾಗ ಟಿವಿಯ ಸ್ಪೀಕರಿನಲ್ಲಿ ಈ ಗೇಮ್‌ನ ಹೊಸ ಸಂಗೀತ ಕೇಳಿಸುವುದೇ ಇಲ್ಲ. ಅಷ್ಟು ಸಣ್ಣ ಸದ್ದುಗಳು ಅವು. ಪಿಎಸ್4ಗೆ ಮಾಮೂಲಿ ಬ್ಲೂಟೂತ್ ಹೆಡ್‌ಫೋನ್ ಹತ್ತುವುದಿಲ್ಲ. ಹಿಂದೆ ಮೊಬೈಲಿನ ಜತೆ ಬರುತ್ತಿದ್ದಂಥ 3.5 ಮಿಮೀ ತಂತಿಯ ಇಯರ್‌ಫೋನನ್ನು ಕಂಟ್ರೋಲರ್‌ನ ಅಡಿಯ ತೂತಿಗೆ ಚುಚ್ಚಿದರೆ ಸಾಕು. ಆದರೆ ಚುಚ್ಚಿದ ಮೇಲೂ ಗೇಮ್‌ನ ಸದ್ದು ಟಿವಿಯಲ್ಲೇ ಬರುತ್ತಿದ್ದರೆ ಸೆಟ್ಟಿಂಗ್ಸ್, ಡಿವೈಸಸ್, ಆಡಿಯೋ ಡಿವೈಸಸ್ ಎಂದು ಹೋಗಿ ‘ಔಟ್‌ಪುಟ್ ಟು ಹೆಡ್‌ಫೋನ್ಸ್’ ಎಂಬಲ್ಲಿ ‘ಚಾಟ್ ಆಡಿಯೋ’ ತೆಗೆದು ‘ಆಲ್ ಆಡಿಯೋ’ ಮಾಡಿ.

ಇದೇ ಸಂಗೀತದ ಸ್ವಿಚ್ಚನ್ನು ಬೇರೆಯವರು ಬಿಟ್ಟಿ ಕೊಟ್ಟಿದ್ದಾರೆ. 2018ರ ನವೆಂಬರಿನಲ್ಲಿ ಬಂದ ಸ್ಪೈರೋ ರೀಇಗ್ನೈಟೆಡ್ ಟ್ರಿಲಜಿಯಲ್ಲಿ ಮೂರೂ ಗೇಮ್‌ಗಳ ಹಳೆ ಸಂಗೀತ ಮೊದಲ ದಿನದಿಂದಲೇ ಆಪ್ಷನ್ಸ್‌ನಲ್ಲಿದೆ, ಆಡುತ್ತಾ ಆಡುತ್ತಾ ಬದಲಿಸಬಹುದು. ಮೂಲ ಸಂಗೀತ ದ ಪೊಲೀಸ್ ತಂಡದ ಡ್ರಮ್ಮರ್ ಸ್ಟ್ಯೂವರ್ಟ್ ಕೋಪ್ಲೆಂಡ್ ಅವರದು. ಡ್ರಮ್ ಬಾರಿಸುವವನ ಕೈ ಅದರಲ್ಲಿ ಎದ್ದು ಕಾಣುತ್ತದೆ: ಬಾಸ್ ಗಿಟಾರು ಮುಂದೆ, ತಾಳ ಅದಕ್ಕೂ ಮುಂದೆ, ರಾಗ ಮೇಲೆ ತೇಲಾಡುತ್ತಿರುತ್ತದೆ. ರಿಮೇಕ್‌ನ ಮೆನುವಿಗೆ ಅವರೇ ಹೊಸದೊಂದು ಟ್ಯೂನ್ ಮಾಡಿಕೊಟ್ಟರು. ಉಳಿದವನ್ನು ಸ್ಟೀಫನ್ ವ್ಯಾಂಕೋವ್ ಹೊಸದಾಗಿ ಕಟ್ಟಿದರು, ಆಟದ ಗತಿಗೆ ತಕ್ಕಂತೆ ಏರಿಳಿಯುವ ಹಾಗೆ. ಬೇಕೆಂದಾಗ ಅತ್ತಿತ್ತ ಹೊರಳಿಸಿ ನೋಡುವುದೇ ಒಂದು ಪಾಠ. ಹೊಸದು ಸ್ವಚ್ಛ, ಅಗಲ. ಹಳೆಯದರಲ್ಲಿ ಬಾಸ್‌ನ ತುಂಟತನ ಹೆಚ್ಚು. ನಮ್ಮ ಓಟು ಹಳೆಯದಕ್ಕೆ. ಇದರ ಪಿಎಸ್4 ಡಿಸ್ಕ್ ಕೊಳ್ಳುವವರು ಒಂದು ವಿಷಯ ಗಮನಿಸಿ: ಡಿಸ್ಕ್‌ನಲ್ಲಿ ಪೂರ್ತಿ ಇರುವುದು ಮೊದಲ ಗೇಮ್ ಮಾತ್ರ, ಎರಡನೆಯದಕ್ಕೂ ಮೂರನೆಯದಕ್ಕೂ ದೊಡ್ಡ ಡೌನ್‌ಲೋಡ್ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರಿಗೆ ಇದು ಸಣ್ಣ ಮಾತಲ್ಲ.

ಅದರ ಹಿಂದಿನ ವರ್ಷ, 2017ರಲ್ಲಿ ಬಂದ ಕ್ರ್ಯಾಶ್ ಬ್ಯಾಂಡಿಕೂಟ್ ಎನ್. ಸೇನ್ ಟ್ರಿಲಜಿಯಲ್ಲಿ ಈ ಸ್ವಿಚ್ ಇಲ್ಲ. ಜಾಶ್ ಮ್ಯಾನ್ಸೆಲ್ ಅವರ ಮೂಲ ಟ್ಯೂನ್‌ಗಳು ಹೊಸ ವಾದ್ಯಗಳಲ್ಲಿ ಮಾತ್ರ ಸಿಗುತ್ತವೆ. ಚೆನ್ನಾಗಿಯೇ ಇವೆ. ಹೋಲಿಸಿ ನೋಡುವ ದಾರಿ ಮಾತ್ರ ಇಲ್ಲ.

ಸ್ವಿಚ್ ಕೊಡದೆಯೂ ಗೆದ್ದದ್ದು ಫೈನಲ್ ಫ್ಯಾಂಟಸಿ 7 ರಿಮೇಕ್. 1997ರ ಗೇಮ್‌ನಲ್ಲಿ ನೊಬುವೊ ಉಯೆಮಾಟ್ಸು ಅವರ ಸಂಗೀತಕ್ಕೂ ರೆಸಿಡೆಂಟ್ ಈವಿಲ್‌ನದ್ದೇ ಬಾಗಿಲಿತ್ತು, ರೂಪ ಬೇರೆ. ನಡೆಯುತ್ತಾ ಹೋಗುವಾಗ ಪರದೆ ಸುಳಿಯಂತೆ ತಿರುಗಿ ಕದನದ ದೃಶ್ಯ ತೆರೆದುಕೊಳ್ಳುತ್ತಿತ್ತು, ಕದನದ ರಾಗ ಪ್ರತಿ ಸಲವೂ ಮೊದಲ ಸ್ವರದಿಂದ ಶುರು, ಗೆದ್ದರೆ ವಿಜಯದ ಕಹಳೆ. 2020ರ ರಿಮೇಕ್‌ನಲ್ಲಿ ಸುಳಿ ಇಲ್ಲ, ನಿಂತ ಜಾಗದಲ್ಲೇ ಕತ್ತಿ ಹಿರಿಯಬೇಕು. ಮಸಾಶಿ ಹಮಾವುಜು, ಮಿತ್ಸುತೊ ಸುಜುಕಿ ಮತ್ತವರ ತಂಡ ಮಾಡಿದ್ದೇನೆಂದರೆ ಜಾಗದ ರಾಗವನ್ನೇ ಪದರ ಪದರವಾಗಿ ಕಟ್ಟಿದ್ದು. ಗಲ್ಲಿಯಲ್ಲಿ ನಡೆಯುವಾಗ ಅಡಿಯ ಪದರ ಮಾತ್ರ. ಶತ್ರು ಕಂಡೊಡನೆ ಅದೇ ಲಯದ ಮೇಲೆ ತಾಳವಾದ್ಯ, ಹಿತ್ತಾಳೆಯ ಕಹಳೆಗಳು ಬಂದು ಕೂರುತ್ತವೆ. ಕೊನೆಯ ಶತ್ರು ಬಿದ್ದ ಮೇಲೆ ಒಂದೊಂದಾಗಿ ಕಳಚುತ್ತವೆ. ಎಲ್ಲಿ ಜೋಡಿಸಿದರು ಎಂದು ಹುಡುಕಿದರೂ ಹೊಲಿಗೆ ಸಿಗುವುದು ಕಷ್ಟ. ಕಹಳೆಗೆ ಜಾಗವೇ ಉಳಿಯಲಿಲ್ಲವಲ್ಲ, ಅದನ್ನು ನಾಯಕನ ಜತೆಗಾರ ಬ್ಯಾರೆಟ್‌ನ ಬಾಯಿಗೆ ಕೊಟ್ಟುಬಿಟ್ಟಿದ್ದಾರೆ. ಕದನ ಮುಗಿಸಿ ಅವನೇ ಗುನುಗುತ್ತಾನೆ. ಹಳಬರಿಗೆ ಮುಖದ ಮೇಲೆ ನಗು ಬರುವುದು ಖಂಡಿತ.

ಇದಕ್ಕೆ ಬೆಲೆ ತೆರಬೇಕಾದ್ದು ಇನ್ನೊಂದು ಕಡೆ. ಮೂಲ ಗೇಮ್‌ನ ಮೊದಲ ಕೆಲವು ಗಂಟೆಗಳ ಕತೆಯನ್ನು ಇಲ್ಲಿ 30 ಗಂಟೆ ಮೀರಿ ಎಳೆದಿದ್ದಾರೆ. ಅಂದ ಮೇಲೆ ಅದೇ ರಾಗಗಳನ್ನೂ ಎಳೆಯಲೇಬೇಕು. ಕೆಲವು ಅಧ್ಯಾಯಗಳಲ್ಲಿ, ಮುಖ್ಯವಾಗಿ ಸುರಂಗ, ಕೊಳಚೆ ಕಾಲುವೆಗಳಲ್ಲಿ, ಈ ಎಳೆತ ಕಿವಿಗೆ ಗೊತ್ತಾಗುತ್ತದೆ. ಅದರ ನಡುವೆ ಸಿಗುವ 31 ಮ್ಯೂಸಿಕ್ ಡಿಸ್ಕ್‌ಗಳು ನಿಜವಾದ ಹಬ್ಬ: ಹಳೆ ರಾಗಗಳನ್ನು ಜಾಜ್‌ಗೆ, ಬೇರೆ ಬೇರೆ ಧಾಟಿಗೆ ತಿರುಗಿಸಿ ಜೂಕ್‌ಬಾಕ್ಸ್‌ನಲ್ಲಿ ಕೇಳುವಂತೆ ಇಟ್ಟಿದ್ದಾರೆ. ಕೆಲವನ್ನು ವೆಂಡಿಂಗ್ ಮೆಷಿನ್‌ನಿಂದ ಕೊಳ್ಳಬೇಕು, ಕೆಲವನ್ನು ಜನರನ್ನು ಮಾತನಾಡಿಸಿ ಪಡೆಯಬೇಕು. ಬಿಟ್ಟುಹೋದರೆ ಗೇಮ್ ಮುಗಿದ ಮೇಲೆ ಚಾಪ್ಟರ್ ಸೆಲೆಕ್ಟ್ ತೆರೆಯುತ್ತದೆ, ಆಗ ಹಿಂದಿರುಗಿ ಹೆಕ್ಕಬಹುದು.

ಕನ್ಸೋಲ್ ಇಲ್ಲದವರಿಗೆ ಮೊದಲು ಹೇಳಬೇಕಾದ್ದು ಫೈನಲ್ ಫ್ಯಾಂಟಸಿ ಪಿಕ್ಸೆಲ್ ರೀಮಾಸ್ಟರ್. 1987ರಿಂದ 1994ರ ವರೆಗಿನ ಮೊದಲ ಆರು ಗೇಮ್‌ಗಳು, ಮೊಬೈಲ್‌ನಲ್ಲೂ ಬಿಡಿಬಿಡಿಯಾಗಿ ಸಿಗುತ್ತವೆ. ಉಯೆಮಾಟ್ಸು ಅವರದ್ದೇ ಮೇಲ್ವಿಚಾರಣೆಯಲ್ಲಿ ಎಲ್ಲ ರಾಗಗಳನ್ನೂ ಹೊಸದಾಗಿ ವಾದ್ಯಗಳಿಗೆ ಹೊಂದಿಸಿದ್ದಾರೆ. 2023ರ ಏಪ್ರಿಲ್‌ನಲ್ಲಿ ನಿಂಟೆಂಡೊ ಸ್ವಿಚ್ ಕನ್ಸೋಲ್ ಮತ್ತು ಪಿಎಸ್4ಗೆ ಬಂದಾಗ ಕಾನ್ಫಿಗ್ ಮೆನುವಿನಲ್ಲಿ ಹಳೆ ಸಂಗೀತ, ಹೊಸ ಸಂಗೀತ ಆರಿಸುವ ಸಾಲು ಸೇರಿತು. ಪಿಸಿ, ಮೊಬೈಲಿಗೆ ಅದು ಆಮೇಲೆ ಅಪ್‌ಡೇಟ್ ಆಗಿ ಬಂದದ್ದು. ಹಿಂದೆಯೇ ಕೊಂಡವರು ಆ ಸಾಲು ಕಾಣದಿದ್ದರೆ ಮೊದಲು ಅಪ್‌ಡೇಟ್ ಮಾಡಿ. ಸರದಿಯಲ್ಲಿ ಆಡುವ ಗೇಮ್ ಆದ್ದರಿಂದ ಅಗ್ಗದ ಬ್ಲೂಟೂತ್ ಇಯರ್‌ಬಡ್‌ನ ತಡವೂ ತೊಂದರೆ ಮಾಡುವುದಿಲ್ಲ.

ಇಲ್ಲಿ ಆಯ್ಕೆ ಗೇಮ್‌ನಿಂದ ಗೇಮ್‌ಗೆ ಬದಲಾಗಬೇಕು. ಮೊದಲನೆಯದರ ಸಂಗೀತ ಬರೆದದ್ದು ನಿಂಟೆಂಡೊದ ಹಳೆ ಕನ್ಸೋಲ್ ಫ್ಯಾಮಿಕಾಮ್‌ನ ಚಿಪ್‌ನ ಮೂರೇ ದನಿಗಳಿಗೆ: ಎರಡು ಚೌಕ ಅಲೆ, ಒಂದು ತ್ರಿಕೋನ ಅಲೆ. ತಾಳವಾದ್ಯವೇ ಇಲ್ಲ. ಸ್ವರಮೇಳ ಬೇಕಾದಲ್ಲಿ ಸ್ವರಗಳನ್ನು ಒಂದರ ಹಿಂದೆ ಒಂದು ಸರಸರನೆ ಉದುರಿಸಿ ಕಿವಿಯನ್ನು ನಂಬಿಸುತ್ತಿದ್ದರು. ಅಂಥ ಅಸ್ಥಿಪಂಜರಕ್ಕೆ ತಂತಿವಾದ್ಯ ತುಂಬಿದರೆ ಲಾಭವೇ, ಹೊಸದನ್ನೇ ಆರಿಸಿ. ನಾಲ್ಕರಿಂದ ಆರರ ವರೆಗಿನದು ಸೂಪರ್ ಫ್ಯಾಮಿಕಾಮ್ ಕಾಲ: ಎಂಟು ಚಾನೆಲ್, ಧ್ವನಿಗೆಂದೇ 64 ಕಿಲೋಬೈಟ್. ಅಷ್ಟರಲ್ಲೇ ಪ್ರೋಗ್ರಾಂ, ಸ್ವರಗಳ ಪಟ್ಟಿ, ವಾದ್ಯಗಳ ಮಾದರಿ, ಪ್ರತಿಧ್ವನಿ ಎಲ್ಲವೂ. ಪ್ರತಿ 16 ಮಿಲಿಸೆಕೆಂಡ್ ಪ್ರತಿಧ್ವನಿಗೆ 2 ಕಿಲೋಬೈಟ್ ಹೋಗುತ್ತಿತ್ತು. ಗುಹೆ ಅನಿಸುವಷ್ಟು ಪ್ರತಿಧ್ವನಿ ಬೇಕೆಂದರೆ ಒಂದೆರಡು ವಾದ್ಯ ಬಿಡಬೇಕು. ಮಂತ್ರ ಹಾಕಿದ ಸದ್ದಿಗೂ ಅದೇ ಎಂಟರಲ್ಲಿ ಚಾನೆಲ್ ಬೇಕಿದ್ದರಿಂದ ಆ ಕ್ಷಣಕ್ಕೆ ಸಂಗೀತದ ಒಂದು ವಾದ್ಯ ಮಾಯವಾಗುತ್ತಿತ್ತು. ಇಷ್ಟೆಲ್ಲ ಲೆಕ್ಕ ಹಾಕಿ ಬರೆದ ಸಂಗೀತದಲ್ಲಿ ಒಂದು ಸ್ವರವೂ ದಂಡವಿಲ್ಲ. ನಾಲ್ಕನೆಯದರಿಂದಾಚೆ ಹಳೆಯದನ್ನೇ ಇಟ್ಟು ಆಡಿ ನೋಡಿ. ಆರನೆಯದರ ಒಪೆರಾ ದೃಶ್ಯಕ್ಕೆ ಮಾತ್ರ ಹೊಸದು ಬೇಕು. 1994ರಲ್ಲಿ ಅಲ್ಲಿ ಹಾಡುತ್ತಿದ್ದದ್ದು ಚಿಪ್, ಈಗ ಏಳು ಭಾಷೆಗಳಲ್ಲಿ ಮನುಷ್ಯರೇ ಹಾಡಿದ್ದಾರೆ.

ಹಳೆ ಸಂಗೀತ ಎಂದು ನಾವು ಯಾವುದನ್ನು ಹೇಳುತ್ತೇವೆ ಎಂಬುದಕ್ಕೂ ಒಂದು ತಕರಾರು ಇದೆ. ಪೇಟೆಯಲ್ಲಿ ಹಳದಿ ಕ್ಯಾಸೆಟ್ ಸಮೇತ ಸಿಗುತ್ತಿದ್ದ ಟಿವಿ ಗೇಮ್ ಸೆಟ್‌ಗಳು ಫ್ಯಾಮಿಕಾಮ್‌ನ ನಕಲು. ಜಪಾನಿನಲ್ಲಿ ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ ಬರೆದ ಗೇಮ್ ಸೆಕೆಂಡಿಗೆ 50 ಚಿತ್ರ ತೋರಿಸುವ, ನಮ್ಮ ಟಿವಿಗಳ ಪಾಲ್ ಪದ್ಧತಿಯ ಸೆಟ್‌ನಲ್ಲಿ ಓಡಿದರೆ ಆ ಲೆಕ್ಕವನ್ನೇ ತಾಳವಾಗಿ ಹಿಡಿದ ಸಂಗೀತವೂ ಆರರಲ್ಲಿ ಒಂದು ಪಾಲು ನಿಧಾನ. ಅಂಥ ಸೆಟ್‌ನಲ್ಲಿ ಮಾರಿಯೋ ಆಡಿ ಬೆಳೆದವರಿಗೆ ಅಸಲಿ ಮಾರಿಯೋ ಈಗ ಕೇಳಿದರೆ ಅವಸರ ಅನಿಸುತ್ತದೆ. ರಿಮೇಕ್ ಮಾಡಿದವರನ್ನು ಬೈಯುವ ಮೊದಲು ಇದನ್ನೂ ನೆನೆಯಬೇಕು.

ಬೈಸಿಕೊಳ್ಳಲು ಅರ್ಹವಾದ ರಿಮೇಕೂ ಇದೆ. ಪಿಎಸ್5 ಜತೆಗೇ 2020ರಲ್ಲಿ ಬಂದ ಡೆಮನ್ಸ್ ಸೋಲ್ಸ್. ನೋಡಲು ಕಣ್ಣು ಸಾಲದು. 2009ರ ಮೂಲದಲ್ಲಿ ಶುನ್ಸುಕೆ ಕಿಡಾ ಅವರ ಸಂಗೀತ ಒಣಕಲು, ವಿಚಿತ್ರ, ಕೆಲವೆಡೆ ಅಪಶ್ರುತಿಯ ಅಂಚಿಗೇ ಬಂದು ನಿಲ್ಲುವಂಥದ್ದು. ಒಂಟಿತನ ಇದ್ದದ್ದೇ ಆ ಒಣಕಲಿನಲ್ಲಿ. ರಿಮೇಕ್‌ನಲ್ಲಿ ದೊಡ್ಡ ಆರ್ಕೆಸ್ಟ್ರಾ, ದೊಡ್ಡ ಕೋರಸ್ ಬಂತು. ಎಲ್ಲ ದೈತ್ಯರೂ ಒಂದೇ ಥರ ಗರ್ಜಿಸುತ್ತಾರೆ. ಬಯಲಾಟದಲ್ಲಿ ಭಾಗವತರು ವಿಳಂಬದ ಕರುಣರಸದ ಪದ ಎತ್ತಿದಾಗ ಚೆಂಡೆಯವನು ಯುದ್ಧದ ಪೆಟ್ಟು ಬಾರಿಸಿದರೆ ಹೇಗೋ ಹಾಗೆ. ಬಾರಿಸಿದ್ದರಲ್ಲಿ ತಪ್ಪಿಲ್ಲ, ಜಾಗ ತಪ್ಪು. ಹಳೆಯದಕ್ಕೆ ಮರಳುವ ಸ್ವಿಚ್ಚೂ ಇಲ್ಲ. ಕಾಸು ಕೊಟ್ಟಾದರೂ ಪಡೆಯೋಣ ಎಂದರೆ ಅದೂ ಇಲ್ಲ. ಇದನ್ನು ನೋಡಿದ ಮೇಲೆ ಕ್ಯಾಪ್‌ಕಾಮ್‌ನ ವ್ಯಾಪಾರ ಅಷ್ಟೇನೂ ಕೆಟ್ಟದ್ದಲ್ಲ ಅನಿಸತೊಡಗುತ್ತದೆ.

ಕೊನೆಗೆ ನಮ್ಮ ಕಡೆಯ ಸೈಬರ್ ಕೆಫೆಗಳಲ್ಲಿ ಒಂದು ಪೀಳಿಗೆಯೇ ಆಡಿದ ಜಿಟಿಎ ವೈಸ್ ಸಿಟಿ. ಇಲ್ಲಿ ಸಂಗೀತ ಬದಲಾಗಲು ಚಿಪ್ಪೂ ಕಾರಣವಲ್ಲ, ಬಾಗಿಲೂ ಅಲ್ಲ, ಕರಾರುಪತ್ರ. 2002ರ ಗೇಮ್‌ನ ರೇಡಿಯೋದಲ್ಲಿ ಬರುವುದು ನಿಜವಾದ ಕಲಾವಿದರ ಹಾಡುಗಳು. ಒಂದೊಂದು ಹಾಡಿಗೂ ಎರಡು ಹಕ್ಕು: ರಚನೆಯದು ಒಬ್ಬರ ಬಳಿ, ಧ್ವನಿಮುದ್ರಣದ್ದು ಇನ್ನೊಬ್ಬರ ಬಳಿ. ಎರಡಕ್ಕೂ ಅವಧಿ. ಅವಧಿ ಮುಗಿದಾಗ ಹೊಸದಾಗಿ ಚೌಕಾಸಿ ಮಾಡಬೇಕು, ಒಬ್ಬರು ಒಪ್ಪದಿದ್ದರೂ ಹಾಡು ಹೋಯಿತು. 2021ರ ಡೆಫಿನಿಟಿವ್ ಎಡಿಷನ್‌ನಲ್ಲಿ ಮೈಕಲ್ ಜಾಕ್ಸನ್ ಹಾಡುಗಳೇ ಇಲ್ಲ, ಇನ್ನೂ ಕೆಲವು ಕಾಣೆ. ಸಂಗೀತಕ್ಕಾಗಿ ಮಾತ್ರ ಕೊಳ್ಳುವುದಾದರೆ ಬೇಡ. ಹಳೆ ಪಿಸಿ ಆವೃತ್ತಿಯ ಡಿಸ್ಕ್ ಮನೆಯ ಅಟ್ಟದಲ್ಲಿದ್ದರೆ ಇಳಿಸಿ ಇನ್‌ಸ್ಟಾಲ್ ಮಾಡಿ. ಗೇಮ್ ಫೋಲ್ಡರಿನೊಳಗೆ ಎಂಪಿ3 ಎಂಬ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತದೆ. ನಿಮ್ಮಲ್ಲಿರುವ ಹಾಡುಗಳನ್ನು ಅದಕ್ಕೆ ಹಾಕಿ ಗೇಮ್ ತೆರೆದರೆ ಕಾರಿನ ರೇಡಿಯೋದಲ್ಲಿ ಎಂಪಿ3 ಪ್ಲೇಯರ್ ಎಂಬ ಸ್ಟೇಷನ್ ಸೇರಿಕೊಳ್ಳುತ್ತದೆ. ಫೋಲ್ಡರ್ ಖಾಲಿ ಇದ್ದರೆ ಆ ಸ್ಟೇಷನ್ ಕಾಣುವುದಿಲ್ಲ. ಹಾಡು ಹಾಕುವಾಗ ಗೇಮ್ ಮುಚ್ಚಿರಲಿ.